ಹಿತ್ತಲಲ್ಲಿ ಸಿಕ್ಕಿದ್ದು ಯಾರದು?

ಶಿಗ್ಗಾಂವ ತಾಲ್ಲೂಕಿನ ಬಾಡ ಗ್ರಾಮ ಕನಕದಾಸರ ಹುಟ್ಟೂರು. ಡಣ್ಣಾಯಕನಾಗಿದ್ದ ತಿಮ್ಮಪ್ಪನಿಗೆ ನೆಲ ಅಗೆಸುವಾಗ ಹೊನ್ನಿನ ಕೊಪ್ಪರಿಗೆ ಸಿಕ್ಕಿತು, ಅದನ್ನು ಆತ ಮನೆಗೆ ಇಟ್ಟುಕೊಳ್ಳದೆ ದೇವಸ್ಥಾನಕ್ಕೂ ಜನರ ಕೆಲಸಕ್ಕೂ ವೆಚ್ಚ ಮಾಡಿದ, ಅಂದಿನಿಂದ ಜನ ಅವನನ್ನು ಕನಕನಾಯಕ ಎಂದರು ಎಂಬ ಐತಿಹ್ಯ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಐತಿಹ್ಯವನ್ನು ಐತಿಹ್ಯವಾಗಿಯೇ ತೆಗೆದುಕೊಂಡರೂ ಅದರೊಳಗೆ ಒಂದು ನ್ಯಾಯವಿದೆ: ನೆಲದಿಂದ ಮೇಲೆ ಬಂದದ್ದು ಸಿಕ್ಕವನೊಬ್ಬನ ಸ್ವತ್ತಲ್ಲ, ಅದರ ಮೇಲೆ ಊರಿನ ಋಣವೂ ಇದೆ. ಈಗ ಅಂಥ ಸುದ್ದಿ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಬೇರೆ. ಎಷ್ಟು ತೊಲ, ಎಷ್ಟು ಲಕ್ಷ ಎನ್ನುತ್ತೇವೆ. 2026ರ ಜನವರಿಯಲ್ಲಿ ಪಕ್ಕದ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಮನೆಯ ಪಾಯ ತೆಗೆಯುವಾಗ ಚಿನ್ನದ ಆಭರಣಗಳಿದ್ದ ತಾಮ್ರದ ಪಾತ್ರೆ ಸಿಕ್ಕಿತು. ಆ ಬಡ ಕುಟುಂಬ ಅದನ್ನು ಬಚ್ಚಿಡದೆ ಸರ್ಕಾರಕ್ಕೆ ಒಪ್ಪಿಸಿ ದೊಡ್ಡ ಮನಸ್ಸು ತೋರಿಸಿತು. ಇದು ರಾಜರ ಕಾಲದ ನಿಧಿಯೋ, ಆ ಮನೆಯ ಹಿರಿಯರೇ ಹೂತಿಟ್ಟ ಒಡವೆಯೋ ಎಂಬ ಚರ್ಚೆ ಆಗ ನಾಡಿನಲ್ಲೆಲ್ಲ ನಡೆಯಿತು. ಆ ಚರ್ಚೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ನೆಲದಲ್ಲಿ ಸಿಕ್ಕ ಹಳೆಯ ವಸ್ತು ಯಾರದು ಎಂದು ಹುಡುಕುವುದು ನಮ್ಮ ಮೊದಲ ಕರ್ತವ್ಯ. ಅದಕ್ಕೆ ಉತ್ತರ ಬಹುಪಾಲು ಇರುವುದು ಸಿಕ್ಕ ಜಾಗದಲ್ಲಿ. ಆ ಜಾಗದ ಸಾಕ್ಷ್ಯ ಅಳಿಯದಂತೆ ನೋಡಿಕೊಳ್ಳುವ ಸರಳ ವ್ಯವಸ್ಥೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಇರಬೇಕು. ಈ ಲೇಖನದ ವಾದ ಇಷ್ಟೇ.

ಕಾನೂನು ಕೂಡ ಮೊದಲು ಕೇಳುವುದು ಒಡೆಯನನ್ನೇ. ಧಾರವಾಡ ಸೀಮೆ ಮುಂಬಯಿ ಪ್ರಾಂತದಲ್ಲಿದ್ದಾಗ ಇಲ್ಲಿ ನಡೆಯುತ್ತಿದ್ದದ್ದು 1878ರ ನಿಧಿ ಕಾಯ್ದೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವನು ಅದು ಎಂಥದು, ಎಷ್ಟರದು, ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು ಎಂದು ಕಲೆಕ್ಟರಿಗೆ ಬರೆದು ತಿಳಿಸಬೇಕಿತ್ತು. ಕಲೆಕ್ಟರು ಪ್ರಕಟಣೆ ಹೊರಡಿಸಿ, ಹಕ್ಕು ಹೇಳುವವರು ಬರಲೆಂದು ನಾಲ್ಕರಿಂದ ಆರು ತಿಂಗಳ ನಡುವೆ ಒಂದು ದಿನ ಗೊತ್ತುಮಾಡಬೇಕಿತ್ತು. ಹಿಂದಿನ ನೂರು ವರ್ಷಗಳೊಳಗೆ ಹಕ್ಕುದಾರನೋ ಅವನ ಹಿರಿಯರೋ ಹೂತದ್ದೆಂದು ನಂಬಲು ಕಾರಣವಿದ್ದರೆ, ಸಿವಿಲ್ ಕೋರ್ಟಿನಲ್ಲಿ ಹಕ್ಕು ಸಾಬೀತು ಮಾಡಲು ಅವನಿಗೆ ಅವಧಿ ಕೊಡಬೇಕಿತ್ತು. ಯಾವ ಹಕ್ಕೂ ನಿಲ್ಲದಿದ್ದಾಗ ಮಾತ್ರ ಅದು ವಾರಸುದಾರರಿಲ್ಲದ ನಿಧಿ. ಆಗ ಮುಕ್ಕಾಲು ಪಾಲು ಸಿಕ್ಕವನಿಗೆ, ಕಾಲು ಪಾಲು ಜಾಗದ ಮಾಲೀಕನಿಗೆ ಎಂಬುದು ಸಾಮಾನ್ಯ ನಿಯಮ. ಏಕೀಕರಣದ ನಂತರ 1962ರಲ್ಲಿ ಕರ್ನಾಟಕ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿತು. ಪಾಲುಗಳ ಲೆಕ್ಕ ಕಾಯ್ದೆಯಿಂದ ಕಾಯ್ದೆಗೆ ಬದಲಾಗಬಹುದು, ತತ್ವ ಬದಲಾಗಬಾರದು: ಎಲ್ಲಿ ಸಿಕ್ಕಿತು ಎಂಬುದನ್ನು ಬರೆದಿಡದೆ ಯಾರದು ಎಂಬುದನ್ನು ತೀರ್ಮಾನಿಸಲು ಬರುವುದಿಲ್ಲ. ಆ ನೂರು ವರ್ಷದ ಗೆರೆಯ ಈಚೆಗೋ ಆಚೆಗೋ ಎಂದು ಹೇಳುವ ಸಾಕ್ಷಿ ಬಹಳ ಸಲ ವಸ್ತುವಿಗಿಂತ ಅದರ ಸುತ್ತಲಿನ ಮಣ್ಣೇ.

ಸಾಕ್ಷ್ಯ ಹೇಗೆ ಮಾತಾಡುತ್ತದೆಂದು ನಮ್ಮ ಹಳ್ಳಿಯ ಮನೆಯನ್ನೇ ಮುಂದಿಟ್ಟು ನೋಡಬಹುದು. ಒಂದು ಗಡಿಗೆ ಅಡುಗೆಮನೆಯ ಒಲೆಯ ಪಕ್ಕ, ಗಟ್ಟಿಸಿದ ನೆಲದ ಕೆಳಗೆ ಸಿಕ್ಕಿತೆನ್ನಿ. ಅದನ್ನು ಹೂತವರು ಆ ಮನೆಯಲ್ಲೇ ಇದ್ದವರು ಎಂಬ ಊಹೆಗೆ ಬಲ ಬರುತ್ತದೆ. ಅದೇ ಗಡಿಗೆ ಜೋಳ ತುಂಬುತ್ತಿದ್ದ ಹಗೇವಿನ ತಳದಲ್ಲಿ ಸಿಕ್ಕರೆ, ಆ ಹಗೇವು ಯಾವ ಮನೆತನದ್ದು, ಯಾವಾಗ ಮುಚ್ಚಿದರು ಎಂದು ಊರಿನ ಹಿರಿಯರನ್ನು ಕೇಳಬೇಕಾಗುತ್ತದೆ. ಹೊಲದ ನಡುವೆ, ಸುತ್ತ ಹಂಚಿನ ಚೂರು, ಬೂದಿ, ಸುಟ್ಟ ಇಟ್ಟಿಗೆ ಹರಡಿದ ಕಡೆ ಸಿಕ್ಕರೆ ಅಲ್ಲೊಂದು ಹಾಳೂರು ಇದ್ದಿರಬಹುದು. ಜನ ಬಿಟ್ಟುಹೋದ ಊರುಗಳನ್ನು ಕಂದಾಯ ದಾಖಲೆಗಳು ಬೇಚಿರಾಕ್ ಗ್ರಾಮವೆಂದು ಇಂದಿಗೂ ಗುರುತಿಸುತ್ತವೆ. ಹಾಳು ಗುಡಿಯ ಬಾವಿಯಲ್ಲಿ ಸಿಕ್ಕರೆ ದೇವಸ್ಥಾನದ್ದೇ ಎಂಬ ಪ್ರಶ್ನೆ ಏಳುತ್ತದೆ. ಗಡಿಗೆ ಒಂದೇ, ಒಡೆಯರು ನಾಲ್ಕು ಬಗೆ. ಈ ನಾಲ್ಕನ್ನು ಬೇರ್ಪಡಿಸುವುದು ಆಳ, ದಿಕ್ಕು, ಮೇಲಿನ ಪದರ, ಪಕ್ಕದ ಚೂರುಗಳು. ಗಡಿಗೆಯನ್ನು ಕಿತ್ತು ತೊಳೆದು ಕಟ್ಟೆಯ ಮೇಲಿಟ್ಟು ಫೋಟೊ ತೆಗೆದ ಹೊತ್ತಿಗೆ ಇವೆಲ್ಲ ಹೋಗಿರುತ್ತವೆ. ಆಮೇಲೆ ಎಷ್ಟು ದೊಡ್ಡ ಪಂಡಿತ ಬಂದರೂ ಹೇಳಬಲ್ಲದ್ದು ಚಿನ್ನದ ತೂಕ, ಗಡಿಗೆಯ ಆಕಾರ ಅಷ್ಟೇ.

ನಾಣ್ಯಗಳ ವಿಷಯದಲ್ಲಿ ಈ ಮಾತು ಇನ್ನೂ ಖಚಿತ. ಒಟ್ಟಿಗೆ ಹೂತ ನಾಣ್ಯಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ, ಅದು ಟಂಕಿಸಿದ ವರ್ಷಕ್ಕಿಂತ ಮೊದಲು ಆ ಗಡಿಗೆ ನೆಲ ಸೇರಿರಲು ಸಾಧ್ಯವಿಲ್ಲ. ನಮ್ಮ ಕಡೆ ರಾಣಿ ಛಾಪಿನ ರೂಪಾಯಿಗಳು ಹಳೆಯ ಮನೆಗಳಲ್ಲಿ ಸಿಗುವುದುಂಟು. 1877ರಿಂದ ಆ ರೂಪಾಯಿಗಳ ಮೇಲೆ ವಿಕ್ಟೋರಿಯಾ ರಾಣಿ ಎಂಬುದರ ಬದಲು ವಿಕ್ಟೋರಿಯಾ ಸಾಮ್ರಾಜ್ಞಿ ಎಂಬ ಬರಹ ಬಂತು. ಗಡಿಗೆಯ ತುಂಬ ರಾಣಿ ಬರಹದವೇ ಇದ್ದು ಸಾಮ್ರಾಜ್ಞಿ ಬರಹದ ಒಂದೂ ಇಲ್ಲದಿದ್ದರೆ, 1876–78ರ ಭೀಕರ ಬರದಲ್ಲಿ ಊರು ಬಿಟ್ಟವರು ಹೂತಿರಬಹುದೇ ಎಂದು ಯೋಚಿಸಲು ದಾರಿಯಾಗುತ್ತದೆ. ಅದೇ ಗಡಿಗೆಯಲ್ಲಿ ಆರನೆಯ ಜಾರ್ಜ್ ದೊರೆಯ ಚಿತ್ರದ ಒಂದೇ ಒಂದು ಕಾಸು ಇದ್ದರೆ ಕಥೆಯೇ ಬೇರೆ. ಆತ ಪಟ್ಟಕ್ಕೆ ಬಂದದ್ದು 1936ರ ಡಿಸೆಂಬರಿನಲ್ಲಿ. ಹಾಗಾಗಿ ಆ ಗಡಿಗೆ ಹೂತು ನೂರು ವರ್ಷ ಆಗಿಲ್ಲ. ಹೂತವರ ಮಕ್ಕಳೋ ಮೊಮ್ಮಕ್ಕಳೋ ಇಂದಿಗೂ ಬದುಕಿರಬಹುದು. ಬೆಲೆಯಿಲ್ಲದ, ಕಿಲುಬು ಹಿಡಿದ ಆ ಒಂದು ಕಾಸನ್ನು ಬಿಸಾಡಿ ಬೆಳ್ಳಿಯನ್ನಷ್ಟೇ ಎತ್ತಿಟ್ಟುಕೊಂಡರೆ ಒಂದು ಕುಟುಂಬದ ಹಕ್ಕನ್ನೇ ಬಿಸಾಡಿದಂತೆ. ಅಕ್ಕಸಾಲಿಗನ ಮೂಸೆಗೆ ಹೋದ ನಾಣ್ಯವಂತೂ ಯಾವ ಸಾಕ್ಷಿಯನ್ನೂ ಹೇಳಲಾರದು.

ನಮ್ಮ ಹಾವೇರಿ ಜಿಲ್ಲೆಯದೇ ಎರಡು ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟರೆ ವಾದ ಸ್ಪಷ್ಟವಾಗುತ್ತದೆ. ಹಾವೇರಿ ಸಮೀಪದ ದೇವಗಿರಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ 19ನೆಯ ಶತಮಾನದಲ್ಲೇ ಓದಿ ಪ್ರಕಟಿಸಿದರು. ಅವುಗಳಲ್ಲೊಂದರಲ್ಲಿ ಕಾಲವಂಗ ಎಂಬ ಗ್ರಾಮವನ್ನು ಮೂರು ಭಾಗ ಮಾಡಿ ಒಂದನ್ನು ಅರ್ಹಂತ ದೇವರಿಗೆ, ಒಂದನ್ನು ಶ್ವೇತಪಟ ಸಂಘಕ್ಕೆ, ಇನ್ನೊಂದನ್ನು ನಿರ್ಗ್ರಂಥ ಸಂಘಕ್ಕೆ ಕೊಟ್ಟ ವಿವರವಿದೆ. ಕೊಟ್ಟವರು ಯಾರು, ಪಡೆದವರು ಯಾರು ಎಂಬುದನ್ನು ತಾಮ್ರವೇ ಹೇಳುತ್ತದೆ; ಒಡೆಯನನ್ನು ಹುಡುಕುವ ಕೆಲಸ ಅಲ್ಲಿ ಅಕ್ಷರ ಓದಿದರೆ ಬಹುಮಟ್ಟಿಗೆ ಮುಗಿಯಿತು. ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕ ಚಿನ್ನದ ನಾಣ್ಯಗಳ ಸಂಗತಿ ಹಾಗಲ್ಲ. ನಲವತ್ತಕ್ಕೂ ಹೆಚ್ಚಿನ ಆ ನಾಣ್ಯಗಳಲ್ಲಿ ರೋಮನ್ ಮತ್ತು ಬೈಜಾಂಟೈನ್ ಚಕ್ರವರ್ತಿಗಳ ಮುಖಗಳಿವೆ, ಕ್ರಿ.ಶ. 518ರಿಂದ 527ರವರೆಗೆ ಆಳಿದ ಮೊದಲನೆಯ ಜಸ್ಟಿನ್‌ವರೆಗೂ ಅವು ಬರುತ್ತವೆ. ಕಾನ್‌ಸ್ಟಾಂಟಿನೋಪಲಿನಲ್ಲಿ ಆತ ಸಿಂಹಾಸನದಲ್ಲಿದ್ದಾಗ ಬನವಾಸಿಯಲ್ಲಿ ಕದಂಬರಿದ್ದರು. ಆ ಚಿನ್ನ ಅಕ್ಕಿಆಲೂರಿನ ನೆಲಕ್ಕೆ ಬಂದದ್ದು ಯಾರ ಕೈಯಿಂದ? ಚಕ್ರವರ್ತಿಯ ಹೆಸರು ನಾಣ್ಯದ ಮೇಲಿದೆ, ಒಡೆಯನ ಹೆಸರಿಲ್ಲ. ಆದರೂ ಒಡೆಯನ ಸುಳಿವು ಇಲ್ಲವೆಂದಲ್ಲ. ದಕ್ಷಿಣ ಭಾರತದಲ್ಲಿ ಸಿಕ್ಕ ಇಂಥ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ ಚಕ್ರವರ್ತಿಯ ತಲೆಯ ಮೇಲ್ಗಡೆ ಅಕ್ಕಪಕ್ಕ ಎರಡು ತೂತು ಕೊರೆದಿದ್ದಾರೆ. ದಾರದಲ್ಲಿ ಪೋಣಿಸಿದಾಗ ಮುಖ ನೆಟ್ಟಗೆ ಎದುರಿಗೆ ನಿಲ್ಲುವಂತೆ ಮಾಡಿದ ಕೆಲಸ ಅದು. ಅಂದರೆ ಇಲ್ಲಿಯ ಜನ ಅವನ್ನು ಚಲಾವಣೆಯ ಹಣಕ್ಕಿಂತ ಒಡವೆಯಾಗಿ ಕಂಡಿರಬೇಕು. ಕಾಸಿನ ಸರವನ್ನು ಬಲ್ಲ ಕನ್ನಡದ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಡೆಯ ಯಾರು ಎಂಬುದಕ್ಕೆ ಹೆಸರು ಸಿಗದಿದ್ದರೂ ಅವರು ಎಂಥವರು ಎಂಬುದಕ್ಕೆ ಉತ್ತರ ಸಿಗುತ್ತದೆ. ಅಂಥ ಉತ್ತರಕ್ಕೂ ಒಂದೊಂದು ನಾಣ್ಯವನ್ನೂ ಒಟ್ಟಿಗೆ ಉಳಿಸಿ, ಸಿಕ್ಕ ಊರಿನ ಹೆಸರನ್ನು ಅದಕ್ಕೆ ಕಟ್ಟಿಟ್ಟಿರಬೇಕು. ಊರಿನ ಹೆಸರು ತಪ್ಪಿದ ದಿನ ಅಕ್ಕಿಆಲೂರಿನ ಚಿನ್ನ ಯಾವುದೋ ಅಂಗಡಿಯ ಗಾಜಿನ ಪೆಟ್ಟಿಗೆಯ ಚಿನ್ನವಾಗುತ್ತದೆ.

ಶಿಗ್ಗಾಂವ ಸೀಮೆಗೆ ಈ ಎಚ್ಚರ ಹೆಚ್ಚು ಬೇಕು. ಇಲ್ಲಿ ಒಂದೇ ನೆಲಕ್ಕೆ ಒಡೆಯರು ಹಲವರು. ತಾಲ್ಲೂಕಿನ ಬಂಕಾಪುರ ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಯನ ಹೆಸರು ಹೊತ್ತ ಊರು. ಅವನ ಮಗ ಲೋಕಾದಿತ್ಯ ಆಳುತ್ತಿದ್ದಾಗ, ಕ್ರಿ.ಶ. 898ರಲ್ಲಿ, ಗುಣಭದ್ರರ ಉತ್ತರಪುರಾಣ ಪೂಜೆಗೊಂಡದ್ದು ಇದೇ ಊರಿನಲ್ಲಿ. ಅರವತ್ತು ಕಂಬದ ನಗರೇಶ್ವರ ಗುಡಿ ಚಾಲುಕ್ಯ ಶೈಲಿಯ ಹೆಮ್ಮೆಯಾಗಿ ಕೋಟೆಯೊಳಗೆ ನಿಂತಿದೆ. ಹಾನಗಲ್ಲ ಕದಂಬರು, ಹೊಯ್ಸಳರು, ವಿಜಯನಗರದವರು, ವಿಜಾಪುರದ ಆದಿಲಶಾಹಿಗಳು, ಮರಾಠರು ಒಬ್ಬರಾದ ಮೇಲೊಬ್ಬರು ಈ ಕೋಟೆಯನ್ನು ಬಯಸಿದರು. ಪಕ್ಕದ ಸವಣೂರಿನಲ್ಲಿ ನವಾಬರ ಸಂಸ್ಥಾನ 1948ರವರೆಗೂ ಉಳಿದಿತ್ತು. ದಂಡು ಬಂದಾಗಲೆಲ್ಲ ಜನ ಇದ್ದದ್ದನ್ನು ಹೂತು ಗುಳೆ ಹೊರಟರು. ಬರ ಬಂದಾಗ, ಪ್ಲೇಗು ಬಂದು ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿದಾಗಲೂ ಹಾಗೇ ಮಾಡಿದರು. ಬ್ಯಾಂಕು, ತಿಜೋರಿ ಇಲ್ಲದ ಕಾಲದಲ್ಲಿ ನೆಲವೇ ನಂಬಿಕೆಯ ಜಾಗ. ಹೂತವರು ತಿರುಗಿ ಬರಲಿಲ್ಲ ಎಂಬುದೇ ಸಿಕ್ಕ ಪ್ರತಿ ಗಡಿಗೆಯ ಹಿಂದಿನ ದುಃಖ. ಆ ಜನರ ಮೇಲಿನ ಗೌರವದಿಂದಲಾದರೂ ಅದು ಯಾರದೆಂದು ಕೇಳುವುದು ಸಣ್ಣ ಮಾತಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ರೈತರದು: ತಿಳಿಸಿದರೆ ಹೊಲವೇ ಹೋಗುತ್ತದೆ, ಮನೆ ಕಟ್ಟುವುದು ನಿಲ್ಲುತ್ತದೆ. ಈ ಭಯಕ್ಕೆ ಕಾರಣವಿದೆ. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ನಿಯಮ 2010ರ ತಿದ್ದುಪಡಿಯಿಂದ ಬಿಗಿಯಾಗಿದೆ. ಹಳೆಯ ಗುಡಿಗಳ ಪಕ್ಕ ಬದುಕುವವರು ಅದರ ಕಷ್ಟ ಉಂಡಿದ್ದಾರೆ. ಆದರೆ ಆ ನಿಯಮ ಅಂಟಿಕೊಳ್ಳುವುದು ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಕ್ಕೆ. 1958ರ ಕಾಯ್ದೆಯ ಪ್ರಕಾರ ಹಾಗೆ ಘೋಷಿಸುವ ಮುನ್ನ ಅಧಿಸೂಚನೆ ಹೊರಡಿಸಿ ಎರಡು ತಿಂಗಳು ಆಕ್ಷೇಪಣೆ ಕೇಳಬೇಕು. ಹಿತ್ತಲಲ್ಲಿ ಒಂದು ಗಡಿಗೆ ಸಿಕ್ಕ ಮಾತ್ರಕ್ಕೆ ಹಿತ್ತಲು ಸ್ಮಾರಕವಾಗುವುದಿಲ್ಲ. ಇದನ್ನು ಸರ್ಕಾರ ಊರೂರಿಗೆ ತಿಳಿಯುವಂತೆ ಹೇಳಿಲ್ಲ ಎಂಬುದು ನಿಜವಾದ ದೂರು. ಪಾಯ ತೆಗೆಯುವ ಕೆಲಸ ನಿಂತರೆ ದಿನಗೂಲಿ ಯಾರು ಕೊಡುತ್ತಾರೆ ಎಂಬುದೂ ನ್ಯಾಯವಾದ ಪ್ರಶ್ನೆ. ಹೀಗೆ ನಿಂತ ದಿನಗಳಿಗೆ ಪರಿಹಾರ ಕೊಡುವ ನಿಯಮ ಇಲ್ಲದೆ ಪ್ರಾಮಾಣಿಕತೆಯನ್ನಷ್ಟೇ ಬಯಸುವುದು ಬಡವನ ಮೇಲೆ ಹೊರೆ ಹೊರಿಸಿದಂತೆ.

ಎರಡನೆಯ ಆಕ್ಷೇಪ, ಹಳೆಯದೆಲ್ಲ ಸರ್ಕಾರದ್ದೇ ಆದ ಮೇಲೆ ಒಡೆಯನನ್ನು ಹುಡುಕಿ ಏನು ಫಲ ಎಂಬುದು. ಹಳೆಯದೆಲ್ಲ ಸರ್ಕಾರದ್ದು ಎಂಬ ತಿಳಿವಳಿಕೆಯೇ ತಪ್ಪು. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳನ್ನು ಪುರಾತನ ವಸ್ತು ಎನ್ನುತ್ತದೆ, ವಿದೇಶಕ್ಕೆ ಸಾಗಿಸುವುದನ್ನು ನಿಷೇಧಿಸುತ್ತದೆ, ಮಾರಾಟಕ್ಕೆ ಪರವಾನಗಿ ಕೇಳುತ್ತದೆ, ಕೆಲವು ಬಗೆಯವನ್ನು ನೋಂದಾಯಿಸಬೇಕೆನ್ನುತ್ತದೆ. ನೋಂದಾಯಿಸಿ ಮನೆಯಲ್ಲೇ ಇಟ್ಟುಕೊಳ್ಳಲು ಅದು ಅಡ್ಡ ಬರುವುದಿಲ್ಲ. ಮುತ್ತಜ್ಜನ ತಾಮ್ರಪಟವನ್ನೋ ಮನೆದೇವರ ಹಳೆಯ ಮೂರ್ತಿಯನ್ನೋ ಇಟ್ಟುಕೊಂಡವರು ಅಪರಾಧಿಗಳಲ್ಲ. ಈ ವ್ಯತ್ಯಾಸ ತಿಳಿಯದ್ದರಿಂದ ಎರಡು ಅನಾಹುತ ಆಗುತ್ತಿವೆ: ಹೆದರಿದವರು ಸಿಕ್ಕಿದ್ದನ್ನು ಕರಗಿಸುತ್ತಾರೆ, ಹೆದರದವರು ದಲ್ಲಾಳಿಗೆ ಮಾರುತ್ತಾರೆ. ನಿಧಿಯ ಆಸೆಗೆ ಬಸವಣ್ಣನ ಮೂರ್ತಿ ಒಡೆಯುವವರು, ವೀರಗಲ್ಲು ಕಿತ್ತು ಕೆಳಗೆ ಅಗೆಯುವವರು ಹುಟ್ಟಿಕೊಳ್ಳುವುದೂ ಈ ಗುಟ್ಟಿನ ವಾತಾವರಣದಲ್ಲೇ. ಬಹಿರಂಗ ದಾಖಲೆ ಇದ್ದಲ್ಲಿ ಗುಸುಗುಸು ಮಾತಿಗೆ ಜಾಗವಿರುವುದಿಲ್ಲ.

ಐನೂರು ವರ್ಷದ ಹಿಂದಿನ ಒಡೆಯನನ್ನು ಯಾರು ಹುಡುಕಲಾದೀತು ಎಂಬುದು ಮೂರನೆಯದು. ಹೆಸರು ಹಿಡಿದು ಹುಡುಕುವುದು ಬಹಳ ಸಲ ಆಗದು, ಒಪ್ಪಬೇಕು. ಆದರೆ ಹಿತ್ತಲುಗಳಲ್ಲಿ ಸಿಗುವುದೆಲ್ಲ ಐನೂರು ವರ್ಷದ್ದಲ್ಲ. ಕಳೆದ ನೂರೈವತ್ತು ವರ್ಷಗಳದ್ದಾದರೆ ಹಾದಿ ತೆರೆದೇ ಇದೆ. ಸರ್ವೆ ನಂಬರು ಹಿಡಿದು ಹಳೆಯ ಉತಾರ, ಹಕ್ಕು ಬದಲಾವಣೆಯ ನೋಂದಣಿ, ಗಾವಠಾಣದ ನಕಾಶೆ, ಇನಾಮು ವತನದ ಕಾಗದ ನೋಡಿದರೆ ಆ ಜಾಗ ಯಾವ ಯಾವ ಕೈ ದಾಟಿ ಬಂತೆಂದು ತಿಳಿಯುತ್ತದೆ. ಕಂಚಿನ ಚರಿಗೆ, ತಂಬಿಗೆಗಳ ಮೇಲೆ ಹೆಸರು ಕೊರೆಸುವ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆ; ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು, ಊರು ಪಾತ್ರೆಯ ಕಂಠದಲ್ಲೇ ಸಿಗುತ್ತದೆ. ಕಾಗದ ಮುಗಿದಲ್ಲಿ ಬಾಯಿಮಾತು ಶುರುವಾಗುತ್ತದೆ. ಹೊಲಗಳ ಹೆಸರು, ಹಾಳುಬಿದ್ದ ಮನೆಗಳ ಅಡ್ಡಹೆಸರು, ಯಾರು ಯಾವಾಗ ಊರು ಬಿಟ್ಟರೆಂಬ ಸಂಗತಿ ಹಿರಿಯರ ನೆನಪಿನಲ್ಲಿರುತ್ತವೆ. ಇದನ್ನು ಶಾಸ್ತ್ರೀಯವಾಗಿ ದಾಖಲಿಸಬಲ್ಲ ಸಂಸ್ಥೆ ದೂರವೇನಿಲ್ಲ, ಶಿಗ್ಗಾಂವ ತಾಲ್ಲೂಕಿನ ಗೊಟಗೋಡಿಯಲ್ಲೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಧಾರವಾಡದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣದ ವಲಯ ಕಚೇರಿಯಿದೆ, 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯಿದೆ. ಜನವೂ ಜ್ಞಾನವೂ ಇವೆ. ಹಿತ್ತಲಿನಿಂದ ಅವರವರೆಗೆ ಸುದ್ದಿ ತಲುಪುವ ದಾರಿ ಇಲ್ಲ.

ಆ ದಾರಿ ಹೇಗಿರಬೇಕು ಎಂಬುದಕ್ಕೆ ಹೊರಗಿನ ಒಂದು ನಿದರ್ಶನ ಉಂಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರಲ್ಲಿ ಹೊಸ ನಿಧಿ ಕಾಯ್ದೆ ಬಂತು; ಮರುವರ್ಷ, ಸಾಮಾನ್ಯರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಯೋಜನೆ ಶುರುವಾಯಿತು. ಪ್ರದೇಶಕ್ಕೊಬ್ಬ ಅಧಿಕಾರಿ ವಸ್ತುವನ್ನು ನೋಡಿ, ಸಿಕ್ಕ ಜಾಗವನ್ನು ನಕಾಶೆಯಲ್ಲಿ ಗುರುತಿಸಿ, ಚಿತ್ರ ತೆಗೆದು, ನಿಧಿಯ ವ್ಯಾಖ್ಯೆಗೆ ಬಾರದ್ದಾದರೆ ಸಿಕ್ಕವರಿಗೇ ಹಿಂದಿರುಗಿಸುತ್ತಾನೆ. ಹೀಗೆ ಹದಿನೈದು ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಸಿಕ್ಕ ಆಂಗ್ಲೊ-ಸ್ಯಾಕ್ಸನ್ ಚಿನ್ನಕ್ಕೆ ಕಟ್ಟಿದ 32.85 ಲಕ್ಷ ಪೌಂಡ್ ಬೆಲೆ ಸಿಕ್ಕವನಿಗೂ ಹೊಲದ ಒಡೆಯನಿಗೂ ಹಂಚಿಹೋಯಿತು. ಚಿನ್ನ ವಸ್ತುಸಂಗ್ರಹಾಲಯದಲ್ಲಿ ಉಳಿಯಿತು. ಅಲ್ಲಿ ಲೋಹಶೋಧಕ ಹಿಡಿದು ಹವ್ಯಾಸಕ್ಕೆ ಅಗೆಯುವವರಿದ್ದಾರೆ. ಅದು ನಮಗೆ ಬೇಡ, ನಮ್ಮ ಗುಡಿಗುಂಡಾರಗಳಿಗೆ ಅದರಿಂದ ಅಪಾಯವೇ ಹೆಚ್ಚು. ನಾವು ತೆಗೆದುಕೊಳ್ಳಬೇಕಾದದ್ದು ನಂಬಿಕೆಯ ಆ ಕ್ರಮವನ್ನು: ತೋರಿಸಿದವನು ಕಳ್ಳನಲ್ಲ, ಸಾಕ್ಷಿದಾರ.

ನಮ್ಮಲ್ಲಿ ಇದಕ್ಕೆ ಹೊಸ ಇಲಾಖೆ ಬೇಕಾಗಿಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ದಾಖಲೆ ಪುಸ್ತಕ ಇಡಲಿ. ಅಗೆತದಲ್ಲಿ ಏನೇ ಸಿಕ್ಕರೂ ಪಿಡಿಒ ಅಥವಾ ಗ್ರಾಮ ಆಡಳಿತಾಧಿಕಾರಿ ಬಂದು, ಪಂಚರ ಎದುರು, ಸರ್ವೆ ನಂಬರು, ಆಳ, ದಿಕ್ಕು, ಜೊತೆಗೆ ಸಿಕ್ಕ ಚೂರುಗಳ ವಿವರ ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದು, ಸಿಕ್ಕವರಿಗೆ ಸಹಿ ಮಾಡಿದ ರಸೀದಿ ಕೊಡಲಿ. ತೂಕ ಮಾಡುವುದಿದ್ದರೆ ಅಲ್ಲೇ ಎಲ್ಲರೆದುರು ಆಗಲಿ. ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೂ ಪುರಾತತ್ವ ಇಲಾಖೆಗೂ ಅದೇ ದಿನ ಸುದ್ದಿ ಹೋಗಲಿ. ಹಕ್ಕುದಾರರನ್ನು ಕರೆಯುವ ಪ್ರಕಟಣೆ ಜಿಲ್ಲಾ ಕಚೇರಿಯ ಗೋಡೆಗೆ ಸೀಮಿತವಾಗದೆ ಊರಿನ ಚಾವಡಿಯಲ್ಲಿ, ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುವಂತಾಗಲಿ; ಊರು ಬಿಟ್ಟು ಹುಬ್ಬಳ್ಳಿ, ಪುಣೆ, ಮುಂಬಯಿ ಸೇರಿದ ಮನೆತನಗಳಿಗೂ ಅದು ಮುಟ್ಟಲಿ. ನಿಧಿಯಲ್ಲದ್ದು ನೋಂದಣಿಯೊಂದಿಗೆ ಮನೆಗೆ ಹಿಂದಿರುಗಲಿ. ಸರ್ಕಾರ ಇಟ್ಟುಕೊಂಡದ್ದಕ್ಕೆ ಕಾಯ್ದೆ ಹೇಳುವ ಹಣ ವರ್ಷಗಟ್ಟಲೆ ಕಾಯಿಸದೆ ಸಲ್ಲಲಿ, ವಸ್ತುಸಂಗ್ರಹಾಲಯದ ಫಲಕದಲ್ಲಿ ಊರಿನ ಹೆಸರೂ ಒಪ್ಪಿದರೆ ಒಪ್ಪಿಸಿದವರ ಹೆಸರೂ ಇರಲಿ. ಪಂಚಾಯಿತಿಗೆ ಈಗಾಗಲೇ ಕೆಲಸ ಹೆಚ್ಚು ಎಂಬ ಮಾತಿಗೆ ಉತ್ತರ ಇದೆ: ಒಂದು ಪಂಚಾಯಿತಿಯಲ್ಲಿ ವರ್ಷಕ್ಕೆ ಇಂಥ ಪ್ರಸಂಗ ಬರುವುದೇ ಅಪರೂಪ, ಬಂದ ದಿನ ಮಾತ್ರ ತಪ್ಪಬಾರದು.

ಇನ್ನು ಓದುಗರಿಗೆ ಒಂದು ಮಾತು. ನಿಮ್ಮ ಹಿತ್ತಲಲ್ಲಿ, ಹೊಲದಲ್ಲಿ, ಪಾಯದಲ್ಲಿ ಗುದ್ದಲಿಗೆ ಏನಾದರೂ ತಗುಲಿದರೆ ಅಲ್ಲಿಗೆ ನಿಲ್ಲಿಸಿ. ತೊಳೆಯಬೇಡಿ, ತಿಕ್ಕಬೇಡಿ, ಹಂಚಿಕೊಳ್ಳಬೇಡಿ. ಇದ್ದಲ್ಲೇ ಚಿತ್ರ ತೆಗೆಯಿರಿ, ನಾಲ್ಕು ಜನರನ್ನು ಕರೆಯಿರಿ, ಬರೆದು ತಿಳಿಸಿ, ರಸೀದಿ ಕೇಳಿ ಪಡೆಯಿರಿ. ಅದನ್ನು ಹೂತವರ ಹೆಸರು ತಿಳಿದರೆ ಅವರ ಮಕ್ಕಳಿಗೆ ನ್ಯಾಯ ಸಿಗುತ್ತದೆ, ತಿಳಿಯದಿದ್ದರೆ ಊರಿಗೆ ಅದರ ಚರಿತ್ರೆ ಸಿಗುತ್ತದೆ. ಸರ್ಕಾರಕ್ಕೆ ಹೇಳಬೇಕಾದದ್ದೂ ಇಷ್ಟೇ: ಜನ ಒಪ್ಪಿಸಲು ಸಿದ್ಧರಿದ್ದಾರೆಂದು ಲಕ್ಕುಂಡಿ ತೋರಿಸಿಕೊಟ್ಟಿದೆ, ಅವರು ನಂಬಿ ಬರುವಂಥ ಬಾಗಿಲನ್ನು ಹಳ್ಳಿಯಲ್ಲೇ ತೆರೆಯುವುದು ಸರ್ಕಾರದ ಹೊಣೆ.